ಹೊಸಿಲಿನ ಹೊರಗಿನ ಎಡೆ

ನಮ್ಮ ಅತ್ತೆಯ ಮನೆಯಲ್ಲಿ ಸತ್ತವರು ಎರಡು ಬಗೆ. ಹಾಸಿಗೆಯ ಮೇಲೆ ಸತ್ತವರಿಗೆ ಮಾರ್ನಮಿ ಪಕ್ಷದಲ್ಲಿ ಎಡೆ ಇಡುವುದು ಒಳಗೆ, ನಡುಮನೆಯಲ್ಲಿ. ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟು, ಬಾಳೆಲೆಗೆ ಮುದ್ದೆ, ಬಾಡಿನ ಸಾರು, ಕಜ್ಜಾಯ ಬಡಿಸಿ, ಅವರವರಿಗೆ ಇಷ್ಟವಾಗಿದ್ದ ಬೀಡಿಯೋ ಎಲೆಅಡಿಕೆಯೋ ಪಕ್ಕದಲ್ಲಿಟ್ಟು, ಸಾಂಬ್ರಾಣಿ ಹಾಕಿ, ಬಾಗಿಲೆಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಬಾಗಿಲ ಬಳಿ ಒಂದು ಸಲ ಕೆಮ್ಮಿ, ಒಳಗಿರುವವರಿಗೆ ಸುಳಿವು ಕೊಟ್ಟು, ನಿಧಾನವಾಗಿ ಬಾಗಿಲು ತೆಗೆಯುವುದು.

ಕಾದಾಡಿ ಸತ್ತವರಿಗೆ ಹಾಗಲ್ಲ. ಅವರು ಹೊಸಿಲು ದಾಟುವುದಿಲ್ಲವಂತೆ. ಮೈಮೇಲೆ ರಕ್ತವಿರುತ್ತದೆ, ಮನೆಯ ಮಕ್ಕಳು ಹೆದರಿಯಾರು ಎಂದು ಹೊರಗೇ ನಿಲ್ಲುತ್ತಾರಂತೆ. ಅವರ ಎಲೆಯನ್ನು ಮನೆಯ ಗಂಡಸರು ಮುಚ್ಚಿಕೊಂಡು ಹೋಗಿ ಊರ ಮುಂದಿನ ಹುಣಸೆಮರದ ಕೆಳಗಿನ ವೀರಗಲ್ಲಿನ ಮುಂದೆ ಇಟ್ಟು, ಕಲ್ಲಿಗೆ ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ಕೂತು, ಎದ್ದು ಬರಬೇಕು. ನಮ್ಮೂರು ಮಂಡ್ಯದಿಂದ ಬಸರಾಳಿಗೆ ಹೋಗುವ ದಿಕ್ಕಿನಲ್ಲಿದೆ. ಆ ಕಡೆ ಹಳೆಯ ಕಲ್ಲುಗಳಿಗೆ ಬರವಿಲ್ಲ. ನಮ್ಮದು ಅರ್ಧ ಮಣ್ಣಿನಲ್ಲಿ ಹೂತುಹೋಗಿರುವ ಮೂರಡಿಯ ಚಪ್ಪಡಿ. ಕೆಳಗಿನ ಸಾಲಿನಲ್ಲಿ ಒಬ್ಬ ಕತ್ತಿ ಹಿರಿದು ನಿಂತಿದ್ದಾನೆ, ಅವನ ಹಿಂದೆ ಮೂರು ಹಸು. ಅದರಲ್ಲಿ ಒಂದು ಹಸು ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದೆ. ಮೇಲಿನ ಸಾಲಿನಲ್ಲಿ ಇಬ್ಬರು ಹೆಂಗಸರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಆ ಹಸುವಿನ ಕತ್ತು ತಿರುಗಿದ್ದೇ ಕಣ್ಣಿಗೆ ಬಿದ್ದದ್ದು. ಸಾಯುವವನನ್ನು ಹಸುವೊಂದು ತಿರುಗಿ ನೋಡಿತು ಎಂದು ಕಲ್ಲಿನಲ್ಲಿ ಕೆತ್ತಿದವನಿಗೆ ಏನನ್ನಿಸಿತ್ತೋ.

ನಾನು ಓದಿದ್ದು ಮಂಡ್ಯದ ಒಂದು ಕಾನ್ವೆಂಟಿನಲ್ಲಿ. ತವರು ಮಳವಳ್ಳಿ. ಇಂಥ ಎಡೆ, ಇಂಥ ಕಲ್ಲು ನಮ್ಮ ಮನೆಯಲ್ಲಿ ಇರಲಿಲ್ಲ. ಆದರೆ ಹೊಂದಿಕೊಂಡೆ. ಹೊಂದಿಕೊಳ್ಳುವುದನ್ನು ಸಿಸ್ಟರುಗಳು ಚೆನ್ನಾಗಿ ಕಲಿಸಿದ್ದರು: ದನಿ ಎತ್ತಬಾರದು, ಬಾಗಿಲು ಧಡಾರನೆ ಹಾಕಬಾರದು, ದೊಡ್ಡವರು ಮಾತು ಮುಗಿಸುವ ಮೊದಲು ಬಾಯಿ ತೆರೆಯಬಾರದು. ಈ ಮೂರನ್ನೂ ನಾನು ಇಷ್ಟು ವರ್ಷ ಪಾಲಿಸಿಕೊಂಡು ಬಂದೆ. ಅದಕ್ಕೇ ಈಗ ಇದನ್ನು ಬರೆಯುವಾಗ ಕೈ ಬಿಸಿಯಾಗುತ್ತಿದೆ.

ನನ್ನ ಮೈದುನ ಸೈನ್ಯದಲ್ಲಿದ್ದ. ಗಂಡನಿಗೆ ಒಬ್ಬನೇ ತಮ್ಮ. ನಾನು ಮದುವೆಯಾಗಿ ಬಂದಾಗ ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಸೈನ್ಯಕ್ಕೆ ಸೇರಿದ ಮೇಲೆ ರಜೆಗೆ ಬಂದಾಗಲೆಲ್ಲ ಮಂಡ್ಯದ ನಮ್ಮ ಬಾಡಿಗೆ ಮನೆಯಲ್ಲಿ ಒಂದೆರಡು ದಿನ ಇದ್ದೇ ಊರಿಗೆ ಹೋಗುತ್ತಿದ್ದ. ಎದ್ದ ಕೂಡಲೇ ಹೊದಿಕೆಯನ್ನು ಸೋಪಿನ ತುಂಡಿನ ಹಾಗೆ ನಾಲ್ಕೂ ಮೂಲೆ ಕೂಡಿಸಿ ಮಡಿಸಿಡುತ್ತಿದ್ದ. ಎಡಗೈಯವನು. ಚಿಕ್ಕಂದಿನಲ್ಲಿ ಎಡಗೈಲಿ ಉಂಡರೆ ಅತ್ತೆ ಮುದ್ದೆ ಕೋಲು ತೋರಿಸುತ್ತಿದ್ದರಂತೆ. ಆದ್ದರಿಂದ ಊರಿನಲ್ಲಿ ಬಲಗೈ, ನಮ್ಮ ಮನೆಯಲ್ಲಿ ಎಡಗೈ. ನೀರಿನ ಲೋಟವನ್ನು ನಾನು ಬಲಕ್ಕಿಟ್ಟರೆ ಸದ್ದಿಲ್ಲದೆ ಎಡಕ್ಕೆ ಸರಿಸಿಕೊಳ್ಳುತ್ತಿದ್ದ. ನನಗದು ಅಭ್ಯಾಸವಾಗಿ ಮೊದಲೇ ಎಡಕ್ಕಿಡತೊಡಗಿದೆ. ಅವನು ನೋಡಿ ನಕ್ಕಿದ್ದ, ಅಷ್ಟೆ.

ಗಡಿಯ ಒಂದು ಠಾಣೆಯಲ್ಲಿದ್ದ. ಫೋನು ಸಿಕ್ಕಿದಾಗ ಹಿಂದಿನಿಂದ ದೂರದಲ್ಲಿ ಏನೋ ಢಬ್ ಢಬ್ ಎನ್ನುತ್ತಿತ್ತು. ಅದೇನು ಎಂದು ಕೇಳಿದರೆ, ಆ ಕಡೆಯವರು ದೀಪಾವಳಿ ಮಾಡ್ತಾವ್ರೆ ಅತ್ಗೆ, ನೀವು ಸಾರಿಗೆ ಒಗ್ಗರಣೆ ಹಾಕಿ, ಸೀಯ್ತದೆ ಎಂದು ಮಾತು ತಿರುಗಿಸುತ್ತಿದ್ದ. ಆಗ ಎರಡು ದೇಶಕ್ಕೂ ಕದನ ವಿರಾಮ ಇತ್ತು. ಪತ್ರಿಕೆಯಲ್ಲಿ ದಿನಾ ಅದು ‘ಉಲ್ಲಂಘನೆ’ಯಾಗುತ್ತಿತ್ತು. ಆ ಪದವನ್ನು ನಾನು ಹಾಲು ಕಾಯಿಸುತ್ತಾ, ಎಸ್ಸೆಮ್ಮೆಸ್ಸು ಓದಿದಷ್ಟೇ ಸಲೀಸಾಗಿ ಓದಿ ಪುಟ ತಿರುಗಿಸುತ್ತಿದ್ದೆ.

ಅಂಥದೊಂದು ಉಲ್ಲಂಘನೆಯ ಬೆಳಿಗ್ಗೆ ಅವನು ಹೋದ. ಜೊತೆಗಿದ್ದವನೊಬ್ಬ ಆಮೇಲೆ ಮನೆಗೆ ಬಂದು ಹೇಳಿದ. ಕಾವಲು ಮುಗಿಸಿ ಬಂದು, ಬನಿಯನ್ನು ಒಗೆದು, ತಂತಿಗೆ ಹಾಕುತ್ತಿದ್ದನಂತೆ. ಶೆಲ್ಲು ಬಿತ್ತು. ಸೈನ್ಯದವರು ಸಲ್ಲಿಸಬೇಕಾದ ಗೌರವವನ್ನೆಲ್ಲ ಸಲ್ಲಿಸಿದರು. ಅವರ ಬಗ್ಗೆ ನಮಗೆ ಯಾವ ದೂರೂ ಇಲ್ಲ. ಬಾವುಟ ಹೊದಿಸಿದ ಪೆಟ್ಟಿಗೆ ಊರಿಗೆ ಬಂದಾಗ ಮಂಡ್ಯದ ಪೇಟೆಯಲ್ಲಿ ಅಂಗಡಿಗಳು ಬಾಗಿಲೆಳೆದವು. ಮೈಕಿನಲ್ಲಿ ಮಾತಾಡಿದವರೆಲ್ಲ ರಣರಂಗ ಎಂದರು, ವೀರಸ್ವರ್ಗ ಎಂದರು. ನನ್ನ ಗಂಡನ ದೊಡ್ಡಪ್ಪ ಕೂಡ ಎಂದರು.

ಈ ದೊಡ್ಡಪ್ಪನ ಬಗ್ಗೆ ಹೇಳಬೇಕು. ಮಾವನವರು ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು, ಊರಿಗೆಲ್ಲ ಮೇಷ್ಟ್ರು. ಕೆಟ್ಟವರಲ್ಲ. ಆದರೆ ಒಂದು ಪದ ತಪ್ಪಾಗಿ ಬಳಸಿದರೆ ಊಟದ ಮಧ್ಯೆ ನಿಲ್ಲಿಸಿ ತಿದ್ದುವ ಜಾತಿ. ಅವರಿಗೊಬ್ಬ ಅಣ್ಣನಿದ್ದರು. ಬಾಂಗ್ಲಾ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು ಸತ್ತವರು. ನಮ್ಮ ಮನೆಯಿಂದ ಪ್ರತಿ ಮಾರ್ನಮಿಗೆ ಕಲ್ಲಿನ ಹತ್ತಿರ ಹೋಗುತ್ತಿದ್ದ ಎಲೆ ಅವರದು. ಅತ್ತೆ ಆ ಭಾವನ ಮುಖ ನೋಡಿದವರಲ್ಲ. ಅತ್ತೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮುಂಚೆ ಆ ಭಾವ ಹೋಗಿದ್ದರು. ಆದರೂ ವರ್ಷಾವರ್ಷ ಅವರ ಎಲೆಗೆ ಮೊದಲು ಬಡಿಸಿ, ಆಮೇಲೆ ಮಿಕ್ಕವರಿಗೆ.

ಮೈದುನ ಸತ್ತ ವರ್ಷದ ಮಾರ್ನಮಿ ಬಂತು. ಅತ್ತೆ ಕಲ್ಲಿಗೆ ಕಳಿಸಲು ಎರಡು ಎಲೆ ತೊಳೆದಿಟ್ಟಿದ್ದರು. ದೊಡ್ಡಪ್ಪ ಜಗಲಿಯಿಂದಲೇ ನೋಡಿ, ಒಂದೇ ಸಾಕು ಎಂದರು. ಇವನದು ಒಳಗಿಡಿ. ಯಾಕೆ ಎಂದು ಕೇಳಿದ್ದು ನನ್ನ ಗಂಡ. ದೊಡ್ಡಪ್ಪ ತಾಳ್ಮೆಯಿಂದ, ತರಗತಿಯಲ್ಲಿ ಹೇಳುವಂತೆ ಹೇಳಿದರು. ಹುಡುಗ ಹೋದದ್ದು ದೊಡ್ಡ ನಷ್ಟ, ಅವನು ಹುತಾತ್ಮನೇ. ಆದರೆ ಯುದ್ಧ ಎಂದರೆ ಒಂದು ದೇಶ ಇನ್ನೊಂದರ ಮೇಲೆ ಸಾರಬೇಕು. ಬಾಂಗ್ಲಾ ಯುದ್ಧವನ್ನು ರೇಡಿಯೋದಲ್ಲಿ ಸಾರಿದ್ದನ್ನು ಊರಿಗೆ ಊರೇ ಪಂಚಾಯ್ತಿ ಕಟ್ಟೆಯಲ್ಲಿ ಕೂತು ಕೇಳಿದೆ. ಈಗಿನದು ಹಾಗಲ್ಲ. ಆ ಕಡೆಯವರು ಯಾರದೋ ಕೈಗೆ ಬಂದೂಕು ಕೊಟ್ಟು ನುಗ್ಗಿಸುತ್ತಾರೆ, ಅವರಿಗೆ ಮರೆಯಾಗಲೆಂದು ಶೆಲ್ಲು ಹಾರಿಸುತ್ತಾರೆ, ಕೇಳಿದರೆ ನಮ್ಮದಲ್ಲ ಎನ್ನುತ್ತಾರೆ. ಇದಕ್ಕೆ ಪರೋಕ್ಷ ಸಂಘರ್ಷ ಅನ್ನುತ್ತಾರೆ, ಯುದ್ಧ ಅನ್ನುವುದಿಲ್ಲ. ಮೇಲಾಗಿ ಹುಡುಗ ಆ ಹೊತ್ತಿನಲ್ಲಿ ಕಾದಾಡುತ್ತಿರಲಿಲ್ಲ.

ಬಟ್ಟೆ ಒಣಗಹಾಕುತ್ತಿದ್ದ ಎಂಬ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಲ್ಲಿದ್ದವರಿಗೆಲ್ಲ ಕೇಳಿಸಿತು.

ಅತ್ತೆ ಎರಡನೆಯ ಎಲೆಯನ್ನು ಎತ್ತಿಕೊಂಡರು. ಭಾವನ ಮುಂದೆ ಕೂತವರಲ್ಲ, ಸೆರಗು ಜಾರಿಸಿದವರಲ್ಲ. ಎಲೆ ಒಳಗೇ ಬಿತ್ತು. ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಕೂತೆವು. ಆ ಮೌನದಲ್ಲಿ ಅತ್ತೆಯ ಕಣ್ಣು ಬಾಗಿಲ ಮೇಲಿರಲಿಲ್ಲ. ಅಂಗಳದಾಚೆಯ ಬೀದಿಯನ್ನು ನೋಡುತ್ತಿದ್ದರು. ಯಾರನ್ನೋ ಕಾಯುವವರ ಹಾಗೆ ಕತ್ತು ಸ್ವಲ್ಪ ಮುಂದಕ್ಕೆ ಚಾಚಿತ್ತು. ನನ್ನ ಕಿವಿಗೆ ಮಾತ್ರ ಕೇಳುವಂತೆ ಹೇಳಿದರು:

“ಒಳಗಡೀಕೆ ಎಡೆ ಇಕ್ಬುಟ್ಟು ಬಾಗ್ಲಾಕಂಡ್ರೆ ಅವ್ನು ಎಂಗ್ ಬತ್ತಾನಮ್ಮಿ? ಮೈಯೆಲ್ಲ ರಕ್ತ ಆಗಿ ಈಚೆ ನಿಂತವ್ನೆ. ಅಸ್ಕಂಡು ನಿಂತವ್ನೆ.”

ಬಾಗಿಲು ತೆಗೆದ ಮೇಲೆ ಎಲ್ಲರಿಗೂ ಬಡಿಸಿದರು, ತಾವು ಉಣ್ಣಲಿಲ್ಲ. ಒಟ್ಟೆ ಸರಿಯಿಲ್ಲ ಎಂದರು. ಮರುವರ್ಷವೂ ಆ ದಿನ ಹೊಟ್ಟೆ ಸರಿಯಿರಲಿಲ್ಲ. ಅದರ ಮರುವರ್ಷವೂ. ಬಂಡೂರು ಕುರಿಯ ಬಾಡು ತಂದರೂ ಅಷ್ಟೆ, ಕೆರೆ ಮೀನು ತಂದರೂ ಅಷ್ಟೆ. ಮಗ ಹೊಸಿಲಾಚೆ ಹಸಿದು ನಿಂತಿರುವಾಗ ತಾಯಿಗೆ ಮುದ್ದೆ ಇಳಿಯುವುದು ಹೇಗೆ? ಕಾನ್ವೆಂಟಿನಲ್ಲಿ ಓದಿದ ನೀನು ಇದನ್ನೆಲ್ಲ ನಂಬುತ್ತೀಯಾ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ನಾನು ನಂಬುತ್ತೇನೋ ಇಲ್ಲವೋ, ನನ್ನ ಅತ್ತೆ ವರ್ಷಕ್ಕೊಮ್ಮೆ ಒಂದು ಹಗಲಿಡೀ ಅಡುಗೆ ಮಾಡಿ ಹಸಿದು ಮಲಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ನಂಬಲು ಬೇರೆ ಧರ್ಮಶಾಸ್ತ್ರ ಬೇಕಿಲ್ಲ.

ಯುದ್ಧ ಎಂದರೇನು ಎಂದು ನನಗೆ ಕಲಿಸಿದ್ದು ಚರಿತ್ರೆಯ ಸಿಸ್ಟರು. ಪ್ರತಿ ಯುದ್ಧಕ್ಕೂ ಕಾರಣಗಳು, ಘಟನೆಗಳು, ಪರಿಣಾಮಗಳು. ಶುರುವಾದ ವರ್ಷ, ಮುಗಿದ ವರ್ಷ, ಕೊನೆಗೆ ಒಂದು ಒಪ್ಪಂದ, ಅದರ ಕೆಳಗೆ ಕೆಂಪು ಗೆರೆ. ಅಂಚು ಬಿಟ್ಟು ಅಚ್ಚುಕಟ್ಟಾಗಿ ಬರೆದರೆ ಪೂರ್ತಿ ಅಂಕ. ನಾನು ಪೂರ್ತಿ ಅಂಕ ತೆಗೆಯುತ್ತಿದ್ದವಳು. ದೊಡ್ಡಪ್ಪನೂ ಅಂಥದೇ ಉತ್ತರಪತ್ರಿಕೆಗಳನ್ನು ಜೀವಮಾನವಿಡೀ ತಿದ್ದಿದವರು. ಶುರುವೂ ಇಲ್ಲದ, ಮುಗಿಯುವುದೂ ಇಲ್ಲದ, ಯಾರೂ ನನ್ನದು ಎಂದು ಒಪ್ಪಿಕೊಳ್ಳದ ಹೊಡೆದಾಟವನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕೋ ನಮ್ಮಿಬ್ಬರಿಗೂ ಯಾರೂ ಕಲಿಸಿರಲಿಲ್ಲ.

ಆದರೆ ನಾನು ಬೆಳೆದ ಮನೆ ಕಲಿಸಿತ್ತು. ಮಳವಳ್ಳಿಯ ನಮ್ಮ ಮನೆಯಲ್ಲಿ ಅವ್ವನೂ ಚಿಕ್ಕವ್ವನೂ ಒಂದೇ ಒಲೆಯಲ್ಲಿ ಬೇಯಿಸುತ್ತಿದ್ದರು. ಅವರಿಬ್ಬರ ನಡುವೆ ಒಂದು ಬಿರುಸು ಮಾತು ಬಂದದ್ದನ್ನು ನಾನು ಕೇಳಿಲ್ಲ. ಚಿಕ್ಕವ್ವನ ಕೋಳಿ ಮಾತ್ರ ದಿನಾ ಅವ್ವನ ರಾಗಿ ಹಿಟ್ಟಿಗೆ ಬಾಯಿ ಹಾಕುತ್ತಿತ್ತು. ಅವ್ವ ಮುಸುರೆ ನೀರು ಚೆಲ್ಲಿದರೆ ಅದು ಚಿಕ್ಕವ್ವನ ಮಲ್ಲಿಗೆ ಬುಡಕ್ಕೇ ಹೋಗುತ್ತಿತ್ತು. ನಾವು ಮಕ್ಕಳು ಅಂಗಳದಲ್ಲಿ ಹೊಡೆದಾಡಿ ಹಲ್ಲು ಮುರಿದುಕೊಂಡು ಬಂದರೆ ಇಬ್ಬರೂ ನಗುನಗುತ್ತಾ, ಮಕ್ಕಳ ಜಗಳ ಬುಡು ಎನ್ನುತ್ತಿದ್ದರು. ಜಗಳ ಯಾರದು ಎಂದು ನಮ್ಮ ಬೀದಿಯ ನಾಯಿಗೂ ಗೊತ್ತಿತ್ತು. ಮುರಿದ ಹಲ್ಲು ಮಾತ್ರ ನನ್ನದು. ಇವತ್ತಿಗೂ ನಾಲಿಗೆ ಅಲ್ಲಿಗೆ ಹೋಗುತ್ತದೆ.

ಹೋದ ಬೇಸಿಗೆಯಲ್ಲಿ ಟೀವಿಯವರು ಕೆಂಪು ದೀಪ, ಸೈರನ್ನು ಹಾಕಿಕೊಂಡು ಕೆಲವು ದಿನ ಕುಣಿದರಲ್ಲ, ಆಗ ನಾನೂ ಗಂಡನೂ ಊರಿನಲ್ಲೇ ಇದ್ದೆವು. ಎರಡೂ ಕಡೆಯಿಂದ ವಿಮಾನ, ಡ್ರೋನು ಹಾರಾಡುತ್ತಿದ್ದ ದಿನಗಳು. ಊರಿನ ಅಂಗಡಿಯಲ್ಲಿ ಮೇಣದ ಬತ್ತಿ ಮುಗಿದುಹೋಯಿತು. ದೊಡ್ಡಪ್ಪ ಟೀವಿ ಮುಂದಿನಿಂದ ಏಳಲಿಲ್ಲ. ಯುದ್ಧ ಶುರುವಾಯ್ತು, ನೋಡು ಎಂದು ನನ್ನ ಗಂಡನನ್ನು ಕೂಗಿ ಕರೆದರು. ಕಾಫಿ ಕೊಡಲು ಹೋಗಿದ್ದ ನಾನು ಲೋಟ ಹಿಡಿದುಕೊಂಡೇ ನಿಂತೆ. ಯಾರು ಸಾರಿದರು, ದೊಡ್ಡಪ್ಪ? ಎಲ್ಲಿ ಸಾರಿದರು? ಕೇಳಬೇಕೆನಿಸಿತು. ಕೇಳಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಅಡುಗೆಮನೆಗೆ ಬಂದು, ಈಗ್ಲಾದ್ರೂ ಒಪ್ಕತಾರೇನಮ್ಮಿ ಎಂದು ಕೇಳಿದರು. ಒಂದೇ ಮಾತು. ಅವರ ಮುಖದಲ್ಲಿ ಆಸೆಯಿತ್ತು. ಊರಿಗೆ ಊರೇ ಹೆದರಿದ್ದ ದಿನ, ಒಬ್ಬ ಹೆಂಗಸು ಮಗನಿಗೆ ಒಂದು ಬಾಳೆಲೆ ಸಿಕ್ಕೀತೆಂದು ಆಸೆಪಡುತ್ತಿದ್ದರು. ಅವರನ್ನು ಆ ಸ್ಥಿತಿಗೆ ತಂದವರು ಯಾರು?

ಆ ಗದ್ದಲ ತಣ್ಣಗಾದ ಮೇಲೆ ಊರಿನವರಿಗೆ ಹುರುಪು ಬಂತು. ನಮ್ಮೂರಿನಿಂದಲೂ ಯುದ್ಧದಲ್ಲಿ ಮಡಿದವರಿದ್ದಾರೆ, ಬಸ್ ನಿಲ್ದಾಣದ ಹತ್ತಿರ ಗ್ರಾನೈಟಿನ ಸ್ಮಾರಕ ನಿಲ್ಲಿಸಬೇಕು, ಸ್ವಾತಂತ್ರ್ಯ ದಿನಕ್ಕೆ ಪರದೆ ಸರಿಸಬೇಕು ಎಂದು ಮಾತಾಯಿತು. ದೊಡ್ಡಪ್ಪನೇ ಮುಂದಾಳು. ಸಭೆ ಸೇರಿದ್ದು ನಮ್ಮ ಜಗಲಿಯಲ್ಲೇ. ನಾನು ಒಳಗಿನಿಂದ ಮಂಡಕ್ಕಿ, ಕಾಫಿ ಕಳಿಸುತ್ತಿದ್ದೆ. ಕಲ್ಲು ಕೆತ್ತುವವರು ಮಂಡ್ಯದಿಂದ ಬಂದಿದ್ದ ಸಾಹೇಬರು, ಬಿಳಿ ಗಡ್ಡ, ಬೆರಳ ಸಂದಿಯಲ್ಲೆಲ್ಲ ಕಲ್ಲಿನ ಪುಡಿ. ಹೆಸರು ಹೇಳಿ, ಅಕ್ಷರದ ಅಳತೆ ತಗೋತೀನಿ ಎಂದರು. ದೊಡ್ಡಪ್ಪ ತಮ್ಮ ಅಣ್ಣನ ಹೆಸರು ಹೇಳಿದರು. ಸಾಹೇಬರು ಪೆನ್ನು ಹಿಡಿದು ಕಾದರು.

“ಇನ್ನೊಬ್ರು ಇದ್ರಲ್ಲ? ನಾವೂ ಆವತ್ತು ಅಂಗಡಿ ಬಾಗಿಲು ಹಾಕಿ ರೋಡಲ್ಲಿ ನಿಂತಿದ್ವಿ.”

 ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಹಳೆಯ ಪಾಠ ಮತ್ತೆ ಬಂತು, ಈ ಸಲ ಇನ್ನೂ ಉದ್ದ. ಅವರ ವಾದ ಪೊಳ್ಳೆಂದು ನಾನು ಹೇಳುವುದಿಲ್ಲ. ಯುದ್ಧ ಎಂಬ ಪದಕ್ಕೆ ತೂಕವಿದೆ, ಅದನ್ನು ಕಂಡಕಂಡಲ್ಲಿ ಇಟ್ಟರೆ ನಾಳೆ ಬಸ್ಸಿಗೆ ಕಲ್ಲು ಹೊಡೆದದ್ದೂ ಯುದ್ಧವಾಗುತ್ತದೆ ಎಂದರು. ಕಳ್ಳತನದಲ್ಲಿ ನುಗ್ಗಿ ಹೊಡೆಯುವವರಿಗೆ ನಾವೇ ಯುದ್ಧ ಎಂದು ದೊಡ್ಡ ಹೆಸರು ಕೊಟ್ಟರೆ ಅವರೂ ಸೈನಿಕರಾಗಿಬಿಡುತ್ತಾರೆ, ಮರ್ಯಾದೆ ಕೊಟ್ಟಂತಾಗುತ್ತದೆ ಎಂದರು. ಇದು ಯೋಚಿಸಬೇಕಾದ ಮಾತೇ. ದೊಡ್ಡವರು ದೊಡ್ಡ ಊರುಗಳಲ್ಲಿ ಕೂತು ಯೋಚಿಸಲಿ. ಆದರೆ ಆ ಮಾತಿನ ಭಾರವನ್ನು ನಮ್ಮ ಅಡುಗೆಮನೆಯಲ್ಲಿ ಹೊರುತ್ತಿದ್ದವರು ಯಾರು ಎಂಬುದನ್ನು ಅವರು ಒಂದು ಸಲವೂ ಬಗ್ಗಿ ನೋಡಲಿಲ್ಲ. ಆ ಕಡೆಯವನು ನನ್ನದಲ್ಲ ಎಂದು ಕೈತೊಳೆದುಕೊಂಡ. ಈ ಕಡೆಯವರು ಇದು ಯುದ್ಧವಲ್ಲ ಎಂದರು. ಇಬ್ಬರ ಕೈಯೂ ಸ್ವಚ್ಛ. ಹಾಗಾದರೆ ನಮ್ಮ ಹುಡುಗನನ್ನು ಕೊಂದದ್ದು ಏನು, ಸಿಡಿಲೇ?

ಜಗಲಿಯ ತುದಿಯಲ್ಲಿ ಕೂತಿದ್ದ ಹಿಟ್ಟಿನ ಗಿರಣಿಯವರು ದೊಡ್ಡಪ್ಪನ ವಾರಿಗೆಯವರು, ಒಟ್ಟಿಗೆ ಎಮ್ಮೆ ಕಾದವರು.

“ಅಲ್ಲ ಕಣ್ಲಾ ಮೇಷ್ಟ್ರೆ, ಯುದ್ದ ಅಂದ್ರೆ ಲಗ್ನಪತ್ರಿಕೆ ಓದ್ಸಿ, ತಾಂಬೂಲ ಬದಲಾಯಿಸ್ಕಂಡು ಸುರು ಮಾಡದಾ? ನಮ್ ಕಲ್ಲಲ್ಲಿರೋ ವೀರಂಗೆ ದನ ಕದಿಯಕ್ ಬಂದೋರು ಯಾವ ಪತ್ರಿಕೆ ಕೊಟ್ಟಿದ್ರು?”

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು, ಆದರೆ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಬೇರೆ ಕಾಲ, ಆಗ ಶಾಸ್ತ್ರ ಬೇರೆ ಎಂದರು. ನಗು ಅಲ್ಲಿಗೇ ತೀರಿತು, ಮಾತು ಮುಂದೆ ಅಕ್ಷರಕ್ಕೆ ಯಾವ ಬಣ್ಣ ತುಂಬಬೇಕು ಎಂಬಲ್ಲಿಗೆ ಹೋಯಿತು. ಚಿನ್ನದ ಬಣ್ಣ.

ಆಗ ಅತ್ತೆ ಹೊಸಿಲಿಗೆ ಬಂದರು. ನಾನು ಆ ಮನೆಗೆ ಬಂದ ಮೇಲೆ ಅವರು ಗಂಡಸರ ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ಸೆರಗು ತಲೆಯ ಮೇಲೆ ಹೊದ್ದಿದ್ದರು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಉಗುರು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಅದನ್ನು ಹಿಡಿದಿದ್ದರು. ದನಿ ಮಾತ್ರ ಹಾಲು ಬಂತಾ ಎಂದು ಕೇಳುವಷ್ಟೇ ಸಾಧಾರಣ.

“ಬಾವ, ದೊಡ್ಬಾವೋರು ಕಾಮಾಲೆ ಆಗಿ ಆಸ್ಪತ್ರೆ ಮಂಚದ್ ಮ್ಯಾಲೆ ಓದ್ರು ಅಂತ ನಮ್ಮತ್ತೆ ಸಾಯೋಗಂಟ ಏಳ್ಕಂಡು ಅತ್ತವ್ರೆ. ಆದ್ರೂ ಅವರ್ಗೆ ಕಲ್ತಾವ ಎಡೆ. ಈ ಮನೆಗ್ ಬಂದಾಗ್ನಿಂದ ಅವ್ರ್ ಎಲೆಗೆ ಬಡಿಸ್ತಾ ಇವ್ನಿ, ಒಂದ್ ದಿನ ಯಾಕೆ ಅಂದಿಲ್ಲ. ಅನ್ನಾದೂ ಇಲ್ಲ. ನನ್ ಮಗುಂಗ್ ಮಾತ್ರ ಯಾಕ್ ಕೇಳ್ತೀರಿ?”

ನನಗೆ ಅದು ಗೊತ್ತಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಗಿರಣಿಯವರು ತಲೆ ತಗ್ಗಿಸಿದ್ದು ನೋಡಿದರೆ ಅವರಿಗೆ ಗೊತ್ತಿತ್ತು. ದೊಡ್ಡಪ್ಪನ ಮುಖ ಒಮ್ಮೆ ಹುಡುಗನ ಮುಖದಂತಾಯಿತು, ಆಮೇಲೆ ಕಲ್ಲಿನಂತಾಯಿತು. ಅವನು ಸತ್ತಾಗ ಯುದ್ಧ ನಡೆಯುತ್ತಿತ್ತು ಎಂದಷ್ಟೇ ಹೇಳಿದರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಸಭೆ ಮುರಿಯಿತು.

ನಾನು ಆ ಕಾಮಾಲೆಯ ದೊಡ್ಡವರನ್ನು ಹೀನಾಯ ಮಾಡುತ್ತಿಲ್ಲ. ಮನೆಯಿಂದ ಅಷ್ಟು ದೂರ, ಗೊತ್ತಿಲ್ಲದ ಭಾಷೆಯ ಆಸ್ಪತ್ರೆಯಲ್ಲಿ, ಕಣ್ಣು ಹಳದಿಯಾಗಿ ಸತ್ತ ಇಪ್ಪತ್ತೆರಡರ ಹುಡುಗ. ಯುದ್ಧಕ್ಕೇ ಹೋಗಿದ್ದ, ಯುದ್ಧವೇ ಅವನನ್ನು ತಿಂದಿತು. ಅವನಿಗೆ ಕಲ್ಲಿನ ಮುಂದೆ ಎಲೆ ಬೇಡ ಎಂದವರ ಬಾಯಿ ಸೇದಿಹೋಗಲಿ. ನನ್ನ ಸಿಟ್ಟು ಬೇರೆ. ರೇಡಿಯೋದಲ್ಲಿ ಸಾರಿದ್ದಕ್ಕೆ ಜ್ವರವೂ ಯುದ್ಧವಾಯಿತು. ಸಾರದೇ ಇದ್ದದ್ದಕ್ಕೆ ಶೆಲ್ಲೂ ಯುದ್ಧವಾಗಲಿಲ್ಲ. ಅಂದರೆ ಸಾವನ್ನು ತೂಗುವುದು ಸತ್ತವನ ಮೈಯನ್ನು ನೋಡಿ ಅಲ್ಲ, ಸಾರಿದವನ ಬಾಯಿ ನೋಡಿ. ಆ ಬಾಯಿಗೆ ಸಾರುವುದು ಲಾಭವಾದರೆ ಸಾರುತ್ತದೆ, ಲಾಭವಿಲ್ಲದಿದ್ದರೆ ಸುಮ್ಮನಿರುತ್ತದೆ. ನಾವು ಮಾತ್ರ ಅದನ್ನೇ ವೇದ ಮಾಡಿಕೊಂಡು ಮಕ್ಕಳ ಎಲೆಯನ್ನು ಒಳಗೆ ಹೊರಗೆ ಮಾಡುತ್ತಿರಬೇಕು.

ಸಭೆಯ ಮಾತು ಊರೆಲ್ಲ ಹರಡಿದರೂ ದೊಡ್ಡಪ್ಪ ಬಗ್ಗಲಿಲ್ಲ. ಬಗ್ಗುವುದು ಇನ್ನೂ ಕಷ್ಟವಾಯಿತೇನೋ. ಸ್ವಾತಂತ್ರ್ಯ ದಿನಕ್ಕೆ ಗ್ರಾನೈಟು ನಿಂತಿತು, ಪರದೆ ಸರಿಯಿತು. ‘ಯುದ್ಧದಲ್ಲಿ ಮಡಿದ’ ಎಂದು ಚಿನ್ನದ ಅಕ್ಷರ, ಕೆಳಗೆ ಒಂದೇ ಹೆಸರು. ಆ ಹೆಸರಿನ ಕೆಳಗೆ ಇನ್ನೊಂದು ಸಾಲು ಹಿಡಿಸುವಷ್ಟು ಜಾಗ ಖಾಲಿ. ಸಾಹೇಬರು ಬೇಕೆಂದೇ ಬಿಟ್ಟರೋ, ಕಲ್ಲಿನ ಅಳತೆ ಹಾಗಿತ್ತೋ, ನಾನು ಕೇಳಲಿಲ್ಲ. ಶಾಲೆಯ ಮಕ್ಕಳಿಗೆ ಬೂಂದಿ ಹಂಚಿದರು. ಅತ್ತೆ ಆ ಕಡೆಗೇ ಬರಲಿಲ್ಲ. ಮನೆಯಲ್ಲಿ ಕೂತು ಹುರುಳಿ ಆರಿಸಿದರು.

ನನ್ನ ಗಂಡ ಒಳ್ಳೆಯವರು. ಆದರೆ ದೊಡ್ಡಪ್ಪನ ಮುಂದೆ ಅವರಿಗೆ ಇವತ್ತಿಗೂ ಏಳನೇ ಕ್ಲಾಸು. ಮಾರ್ನಮಿಯ ಹಿಂದಿನ ದಿನ ಮಂಡ್ಯದಿಂದ ಬಸ್ಸಿನಲ್ಲಿ ಊರಿಗೆ ಹೋಗುವಾಗ, ಈ ಸಲವಾದರೂ ನೀವು ಮಾತಾಡಿ ಎಂದೆ. ಹಬ್ಬದ ದಿನ ಜಗಳ ಯಾಕೆ, ಆಮೇಲೆ ನಿಧಾನವಾಗಿ ಹೇಳೋಣ ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹೊರಗೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ನಿಧಾನವಾಗಿ, ನಿಧಾನವಾಗಿ. ಈ ನಿಧಾನದಲ್ಲಿಯೇ ಅತ್ತೆಯ ಕೊರಳಿನ ಎಲುಬು ಎದ್ದು ಕಾಣುವಷ್ಟು ವಯಸ್ಸಾಗಿತ್ತು.

ಹಬ್ಬದ ದಿನ ಅತ್ತೆ ಹಿಂದಿನ ವರ್ಷಗಳ ಹಾಗೆಯೇ ಮಾತಿಲ್ಲದೆ ಬೇಯಿಸಿದರು. ನಡುಮನೆಯಲ್ಲಿ ಎಲೆಗಳು ಸಾಲಾದವು: ಮಾವನವರದು, ಅವರ ಅಪ್ಪ ಅವ್ವಂದಿರದು, ಕೊನೆಗೆ ಮೈದುನನದು. ಹೊಸ ಬನಿಯನ್ನು, ಹೊಸ ಟವೆಲ್ಲು ಪಕ್ಕದಲ್ಲಿ. ಬೇರೆಯಾಗಿ ಒಂದು ಎಲೆ, ಕಲ್ಲಿಗೆ ಹೋಗುವುದು. ನನ್ನ ಗಂಡ ಅದನ್ನು ಮೊರದಲ್ಲಿಟ್ಟು, ಮೇಲೆ ಇನ್ನೊಂದು ಎಲೆ ಮುಚ್ಚಿ, ಎತ್ತಿಕೊಂಡು ಹೊರಟರು. ಅತ್ತೆ ಸಾಂಬ್ರಾಣಿ ಹಾಕಿ ಬಾಗಿಲೆಳೆಯಲು ಕೈ ಚಾಚಿದರು. ಕೈ ಬಾಗಿಲ ಮೇಲೆ ನಿಂತಿತು. ಎಳೆಯುವುದಕ್ಕೆ ಆಗಲಿಲ್ಲ ಅವರಿಂದ. ಅಳುತ್ತಿರಲಿಲ್ಲ. ಸುಮ್ಮನೆ ನಿಂತಿದ್ದರು, ಕೈ ಮರೆತುಹೋದವರಂತೆ.

ನಾನು ಒಳಗೆ ಹೋಗಿ ಮೈದುನನ ಎಲೆಯನ್ನು ಎತ್ತಿದೆ.

ಬಡಿಸಿಟ್ಟ ಎಡೆಯನ್ನು ಕದಲಿಸಬಾರದು. ಹೆಂಗಸರು ಕಲ್ಲಿನ ಹತ್ತಿರ ಎಲೆ ಒಯ್ಯಬಾರದು. ಎರಡೂ ನನಗೆ ಗೊತ್ತಿತ್ತು. ಸಾರು ಅಂಚಿಗೆ ಬಂದು ನನ್ನ ಮುಂಗೈ ಮೇಲೆ ಹರಿಯಿತು, ಸುಟ್ಟಿತು. ಅಡುಗೆಮನೆಯ ದೊಡ್ಡ ತಟ್ಟೆಯನ್ನು ಅಡಿಗೆ ಕೊಟ್ಟುಕೊಂಡು ಹೊಸಿಲು ದಾಟಿದೆ. ದೊಡ್ಡಪ್ಪ ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಅದು ಯಾರದು ಎಂದರು. ಯಾರದು ಎಂದು ಕಾಣುತ್ತಿರಲಿಲ್ಲವೇ? ಅದು ಪದ್ಧತಿಯಲ್ಲ, ಹೆಣ್ಣುಮಕ್ಕಳು ಒಯ್ಯುವುದಿಲ್ಲ, ಒಳಗಿಡು ಎಂದರು. ಅವರು ಮಾತು ಮುಗಿಸುವ ಮೊದಲು ನಾನು ಬಾಯಿ ತೆರೆದೆ.

“ದೊಡ್ಡಪ್ಪ, ಕಾಲು ತೆಗೀರಿ.”

ದನಿ ಎತ್ತಿರಲಿಲ್ಲ. ಸಿಸ್ಟರುಗಳು ಕೇಳಿದ್ದರೆ ಮೆಚ್ಚಬಹುದಿತ್ತು. ಆದರೆ ಹುಟ್ಟಿದಂದಿನಿಂದ ಯಾರೊಂದಿಗೂ ನಾನು ಹಾಗೆ ಮಾತಾಡಿರಲಿಲ್ಲ. ಅದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಅವರು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಕಾಲು ಮಡಚಿಕೊಂಡರು.

ಬೀದಿಯಲ್ಲಿ ಅರ್ಧ ದಾರಿ ಹೋದ ಮೇಲೆ ಹಿಂದಿನಿಂದ ಅತ್ತೆಯ ಬಳೆಯ ಸದ್ದು ಕೇಳಿತು. ನಡುಮನೆಯ ಬಾಗಿಲೆಳೆದು ಅವರೂ ಬರುತ್ತಿದ್ದರು, ಕೈಯಲ್ಲಿ ನೀರಿನ ಲೋಟ. ಜಗಲಿಗಳಲ್ಲಿ ಎಡೆಗೆ ಬಾಗಿಲೆಳೆದುಕೊಂಡು ಮಾತಿಲ್ಲದೆ ಕೂತಿದ್ದವರೆಲ್ಲ ನಮ್ಮನ್ನೇ ನೋಡಿದರು. ಮಾತಾಡುವಂತಿಲ್ಲವಲ್ಲ, ಅದೊಂದು ಅನುಕೂಲ. ಗಿರಣಿಯವರು ಮಾತ್ರ ಕೂತಲ್ಲಿಂದ ಎದ್ದು ನಿಂತು ತಲೆಯ ಟವೆಲ್ಲು ತೆಗೆದರು.

ಹುಣಸೆಮರದ ಕೆಳಗೆ ನನ್ನ ಗಂಡ ಕಲ್ಲಿಗೆ ಬೆನ್ನು ಮಾಡಿ ಕೂತಿದ್ದರು. ನಮ್ಮನ್ನು ನೋಡಿ ಏಳಲು ಹೋದವರು ಏಳಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಎಲೆಯನ್ನು ಕಾಮಾಲೆಯ ದೊಡ್ಡವರ ಎಲೆಯ ಪಕ್ಕದಲ್ಲಿ ಇಟ್ಟೆ. ಕತ್ತಿಯವನ ಮುಂದೆ, ತಿರುಗಿ ನೋಡುವ ಹಸುವಿನ ಮುಂದೆ. ಅತ್ತೆ ಲೋಟವನ್ನು ಎಲೆಯ ಬಲಕ್ಕಿಟ್ಟರು. ಒಂದು ಗಳಿಗೆ ನೋಡಿದರು. ಆಮೇಲೆ ಅದನ್ನು ಎತ್ತಿ ಎಡಕ್ಕಿಟ್ಟರು. ನನಗೆ ಆ ಗುಟ್ಟು ನಮ್ಮ ಮಂಡ್ಯದ ಮನೆಯದು ಮಾತ್ರ ಎಂಬ ಭ್ರಮೆಯಿತ್ತು.

“ಯಾವ್ ಕೈಲಾದ್ರೂ ಉಣ್ಣು ಮಗ,” ಎಂದರು. “ಮೆಲ್ಲಗುಣ್ಣು.”

ಮೂವರೂ ಬೆನ್ನು ಮಾಡಿ ಕೂತೆವು. ಎದುರಿಗೆ, ಬಸ್ ನಿಲ್ದಾಣದ ಹತ್ತಿರ, ಗ್ರಾನೈಟು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡುತ್ತಿದ್ದಷ್ಟು ಹೊತ್ತೂ ನನ್ನ ಸಿಟ್ಟು ಇಳಿಯಲಿಲ್ಲ. ಈಗಲೂ ಇಳಿದಿಲ್ಲ. ಆ ಸಿಟ್ಟು ದೊಡ್ಡಪ್ಪನೊಬ್ಬರ ಮೇಲಿನದಾಗಿದ್ದರೆ ಅಲ್ಲೇ ಇಳಿದುಬಿಡುತ್ತಿತ್ತೇನೋ.

ಮನೆಗೆ ಬಂದು ಅತ್ತೆ ಬಾಗಿಲ ಬಳಿ ಕೆಮ್ಮಿದರು, ತೆಗೆದರು. ಎಲ್ಲರಿಗೂ ಎಲೆ ಹಾಕಿದೆ. ಅತ್ತೆ ಕೈತೊಳೆದುಕೊಂಡು ಬಂದು ನನ್ನ ಪಕ್ಕದಲ್ಲೇ ಕೂತು, ನಂಗೂ ಇಕ್ಕಮ್ಮಿ ಎಂದರು. ಒಂದು ಮುದ್ದೆ ಉಂಡು ಇನ್ನರ್ಧ ಹಾಕಿಸಿಕೊಂಡರು. ಮೂಳೆಯ ತುಂಡನ್ನು ಸದ್ದು ಬರುವಂತೆ ಚೀಪಿದರು. ದೊಡ್ಡಪ್ಪ ಜಗಲಿಯಲ್ಲೇ ಕೂತಿದ್ದರು. ನಮ್ಮ ಮನೆಯಲ್ಲಿ ಹಿರಿಯರನ್ನು ಮೂರು ಸಲ ಕರೆದು ಊಟಕ್ಕೆ ಎಬ್ಬಿಸುವುದು ಸೊಸೆಯ ಕೆಲಸ. ನಾನು ಒಂದು ಸಲ ಕರೆದೆ. ಎರಡನೇ ಸಲ ಕರೆಯಲಿಲ್ಲ.